ಬೀಗಿತ್ತಿಯ ಹೆಬ್ಬೆರಳು

ಕೈಬೆರಳುಗಳಲ್ಲಿ ಹೆಬ್ಬೆರಳಿನ ಠೀವಿಯೇ ಬೇರೆ. ಉಳಿದ ನಾಲ್ಕೂ ಒಂದೇ ಪಂಕ್ತಿಯಲ್ಲಿ ಕೂತಿದ್ದರೆ ಇದು ಮಾತ್ರ ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಅಷ್ಟು ದೂರದಲ್ಲಿ, ಅತ್ತ ಮುಖ ತಿರುಗಿಸಿಕೊಂಡು ನಿಂತಿರುತ್ತದೆ. ಉಂಗುರದ ಯೋಗ ಇದಕ್ಕೆ ಅಪರೂಪ. ನ್ಯಾಯಬೆಲೆ ಅಂಗಡಿಯ ಯಂತ್ರದೆದುರು ಮಾತ್ರ ರಾಜಮರ್ಯಾದೆ. ಕಳೆದ ದೀಪಾವಳಿಯವರೆಗೆ ನನಗೂ ಈ ಬೆರಳಿನ ಮೇಲೆ ವಿಶೇಷ ಗೌರವವೇನೂ ಇರಲಿಲ್ಲವೆಂದು ಒಪ್ಪಿಕೊಂಡುಬಿಡುತ್ತೇನೆ.

ಶಿಕಾರಿಪುರದಲ್ಲಿ ನಮ್ಮ ಜೊತೆಗಿರುವ ಅಮ್ಮನಿಗೂ, ಸೊರಬದಲ್ಲಿರುವ ನನ್ನ ಅತ್ತೆಗೂ, ಅಂದರೆ ಹೆಂಡತಿಯ ತಾಯಿಗೂ, ನಾನು ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬಣ್ಣದ ಪುಟ್ಟ ವಿಡಿಯೊ ಗೇಮ್ ಕೊಂಡುಕೊಟ್ಟಿದ್ದೆ. ಅಂಗೈಯಲ್ಲಿ ಹಿಡಿದು ಆಡುವಂಥದ್ದು. ಮೇಲಿನಿಂದ ಇಟ್ಟಿಗೆಗಳು ಇಳಿಯುತ್ತವೆ, ಕೆಳಗೆ ಸಂದಿಲ್ಲದಂತೆ ಸಾಲು ಹೊಂದಿಸಬೇಕು, ಅಷ್ಟೇ. ಹಿರಿಯರಿಬ್ಬರನ್ನೂ ಧಾರಾವಾಹಿಗಳ ಅಶ್ರುಧಾರೆಯಿಂದ ಪಾರುಮಾಡುವ ಸದುದ್ದೇಶ ನನ್ನದು. ಬಣ್ಣದಲ್ಲೂ ಭೇದ ತೋರದ ನನ್ನ ಸಮದರ್ಶಿತ್ವಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಯಂತ್ರ ಒಂದೇ ಆದರೆ ಆಡುವವರನ್ನು ತೂಗಿನೋಡುವುದು ಸುಲಭ ಎಂಬ ಸಂಗತಿ ಮಾತ್ರ ಹೊಳೆದಿರಲಿಲ್ಲ. ದಿನಾ ಸಂಜೆ ಫೋನಿನಲ್ಲಿ ಊಟ, ಉಪಚಾರ, ಮಂಡಿನೋವಿನ ವಿಚಾರ ಮುಗಿದ ಮೇಲೆ ಇಬ್ಬರೂ ಗಂಟಲು ಸರಿಮಾಡಿಕೊಂಡು ಅಂಕಗಳಿಗೆ ಇಳಿಯುತ್ತಿದ್ದರು.

ನವರಾತ್ರಿಯಲ್ಲೊಂದು ಸಂಜೆ ಅಮ್ಮ ತನ್ನ ಬೀಗಿತ್ತಿಯ ದಾಖಲೆಯನ್ನು ಮುರಿದಳು. ಮುರಿದದ್ದಲ್ಲ, ದುಪ್ಪಟ್ಟು ಮಾಡಿದಳು. ಸುದ್ದಿ ಕೇಳಿ ಸೊರಬದ ಕಡೆಯಿಂದ “ಎಂತ ಮಾರಾಯ್ರೆ, ಅಷ್ಟೆಲ್ಲ ಬರ್ತದಾ? ದೀಪಾವಳಿಗೆ ಬರ್ತೀನಲ್ಲ, ಕಣ್ಣಾರೆ ನೋಡಣ ಬಿಡಿ” ಎಂಬ ಮಾತು, ಬಲು ಮರ್ಯಾದೆಯಿಂದಲೇ ಬಂತು. ಅಮ್ಮ ಫೋನಿಟ್ಟು ನನ್ನತ್ತ ತಿರುಗಿದಳು. “ನಾ ಸುಳ್ಳು ಹೇಳ್ತೀನಂತ. ಬರ್ಲಿ, ತೋರಿಸ್ತೀನಿ.” ಆ ಕ್ಷಣದಿಂದ ಆ ಅಂಕ ಅಂಕವಾಗಿ ಉಳಿಯಲಿಲ್ಲ, ಅಮ್ಮನ ಮಾನವಾಯಿತು.

ಮರುದಿನ ಆಯುಧಪೂಜೆ. ಕುಡುಗೋಲು, ಈಳಿಗೆಮಣೆ, ನನ್ನ ಸ್ಕೂಟರಿನ ಸಾಲಿನಲ್ಲಿ ಆ ಆಟದ ಡಬ್ಬಿಯೂ ವಿರಾಜಮಾನವಾಗಿತ್ತು. ಗೆದ್ದುಕೊಟ್ಟ ಆಯುಧವಲ್ಲವೇ? ಅಮ್ಮ ವಿಭೂತಿಯನ್ನು ನೀರಲ್ಲಿ ಕಲಸಿ ಧಾರಾಳವಾಗಿ ಮೂರು ಪಟ್ಟೆ ಎಳೆದಳು, ಕುಂಕುಮವಿಟ್ಟಳು, ಹೂವಿನಿಂದ ತೀರ್ಥ ಪ್ರೋಕ್ಷಿಸಿದಳು. ಸಂಜೆ ಗುಂಡಿ ಒತ್ತಿದರೆ ಕುಂಯ್ ಎಂಬ ಸದ್ದು ಎಂದಿನಂತೆ ಬಂತು, ಪರದೆ ಮಾತ್ರ ಬೋಳು. “ಪೂಜೆ ಮಾಡಿದ್ದಕ್ಕ ಯಾವುದಾದ್ರೂ ಕೆಡ್ತೈತೇನು?” ಎಂದು ಅಮ್ಮ ನನ್ನನ್ನೇ ಗದರಿಸಿದಳು. ನಿನ್ನೆಯವರೆಗೆ ಸಗುಣ ಸಾಕಾರವಾಗಿದ್ದ ಅಂಕ ಒಂದೇ ಪ್ರೋಕ್ಷಣೆಗೆ ನಿರ್ಗುಣ ನಿರಾಕಾರವಾಗಿತ್ತು.

ನಾನು ಚಿಕಿತ್ಸೆಗಿಳಿದೆ. ತಟ್ಟಿದೆ, ಊದಿದೆ, ಬಿಸಿಲಿಗಿಟ್ಟೆ, ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆ. ಮಾರನೆಯ ದಿನ ಅನ್ನಕ್ಕೆ ಅಕ್ಕಿ ತೆಗೆಯಲು ಹೋದ ಹೆಂಡತಿ ಚೀರಿದ್ದೊಂದೇ ಅದರ ಫಲ. ಕಡೆಗೆ ಅಮ್ಮನನ್ನೂ ಕರೆದುಕೊಂಡು ಹೋದಾಗ ಮೊಬೈಲ್ ರಿಪೇರಿ ಅಂಗಡಿಯವರು ರೋಗ ಹೇಳಿದರು: ಒಳಗೆ ಪರದೆಗೂ ಸರ್ಕ್ಯೂಟಿನ ಹಸಿರು ಹಲಗೆಗೂ ನಡುವೆ ಒಂದು ತೆಳು ಪಟ್ಟಿ ಅಂಟಿರುತ್ತದೆ, ನೀರು ತಗುಲಿ ಅದರ ಒಂದು ತುದಿ ಬಿಟ್ಟಿದೆ, ಕಾಯಿಸಿ ಒತ್ತಿದರೆ ಕೂರುತ್ತದೆ. “ಆದ್ರ ಮೊದ್ಲು ಸೆಲ್ ತೆಗೀಬೇಕ್ರಿ.” ಸೆಲ್ ತೆಗೆದರೆ ಯಂತ್ರಕ್ಕೆ ಪೂರ್ವಜನ್ಮದ ಸ್ಮರಣೆ ಇರುವುದಿಲ್ಲ, ಅಂಕ ಸೊನ್ನೆ. ಅಮ್ಮ ಡಬ್ಬಿಯನ್ನು ಕಸಿದುಕೊಂಡು ಸೆರಗಿನಲ್ಲಿ ಸುತ್ತಿ ಹೊರಟೇಬಿಟ್ಟಳು.

ಅಲ್ಲಿಂದ ಮುಂದೆ ನನ್ನ ವೈದ್ಯವೆಲ್ಲ ಹೊರಮೈಗೇ ಸೀಮಿತವಾಯಿತು. ಹಾಗೆ ಒತ್ತುತ್ತ ಒತ್ತುತ್ತ ಒಂದು ದಿನ ಕೆಳಗಿನ ಬಲಮೂಲೆಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಅದುಮಿದಾಗ ಇಟ್ಟಿಗೆಗಳೂ ಅಂಕವೂ ಪ್ರತ್ಯಕ್ಷವಾದವು, ಬೆರಳೆತ್ತಿದರೆ ಮಾಯ. ದಾಖಲೆಯ ಅಂಕ ಪರದೆಯಲ್ಲಿ ಕಾಣುವುದು ಆಟ ನಡೆಯುವಾಗ ಮಾತ್ರ, ಆಡಲು ಅಮ್ಮನಿಗೆ ಎರಡೂ ಕೈ ಬೇಕು. ಹಾಗಾಗಿ ಮೂಲೆಗೆ ನನ್ನ ಹೆಬ್ಬೆರಳು ಎಂದು ನಿಷ್ಕರ್ಷೆಯಾಯಿತು.

ದೀಪಾವಳಿಗೆ ಅತ್ತೆ ಬಂದರು. ಕಾಫಿ ಲೋಟ ಕೆಳಗಿಟ್ಟವರೇ ತಮ್ಮ ಚೀಲದಿಂದ ತಮ್ಮ ಡಬ್ಬಿಯನ್ನೂ ತೆಗೆದು ಎದುರಿಗಿಟ್ಟುಕೊಂಡರು. ಪರದೆಯ ಅವಸ್ಥೆ ವಿವರಿಸಿ ನಾನು ಆ ಮೂಲೆಗೆ ಬೆರಳು ಚಾಚಿದ್ದೇ ತಡ, “ಅಳಿಯಂದ್ರೆ, ನೀವು ಒತ್ತಿದ್ರೆ ನಾ ಒಪ್ಪದಿಲ್ಲ. ನಿಮ್ಮದು ಮಗನ ಬೆರಳು” ಎಂದರು. ಜಮೀನಿನ ಹದ್ದುಬಸ್ತಿಗೂ ಇಷ್ಟು ಕಟ್ಟುನಿಟ್ಟಾದ ಪಂಚನಾಮೆ ನಡೆದದ್ದನ್ನು ನಾನು ಕಂಡಿಲ್ಲ. “ಸುಳ್ಳು ಹೇಳೋದು ನಮ್ಮಮ್ಮನೂ ಅಲ್ಲ, ನಿಮ್ಮಮ್ಮನೂ ಅಲ್ಲ, ನೀವು ತಂದ ಈ ಡಬ್ಬಿ” ಎಂದು ಹೆಂಡತಿ ನಡುವೆ ತೀರ್ಪು ಕೊಟ್ಟಳಾದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮ ಡಬ್ಬಿಯನ್ನು ಬೀಗಿತ್ತಿಯತ್ತ ಹಿಡಿದಳು. “ಹಂಗಾರೆ ನೀವೇ ಒತ್ರಿ.”

ಆ ಮೂಲೆಯ ಪಕ್ಕದಲ್ಲೇ ಒಂದು ಪುಟ್ಟ ಕೆಂಪು ಗುಂಡಿಯಿದೆ, ರೀಸೆಟ್ ಎಂದು. ಅದನ್ನು ಮುಟ್ಟಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ. ಅಮ್ಮನಿಗೆ ಇದು ಗೊತ್ತು; ಡಬ್ಬಿಗಳು ಅವಳಿಜವಳಿಯಾದ್ದರಿಂದ ಅತ್ತೆಗೂ ಗೊತ್ತು. ಬೆರಳು ಕೂದಲೆಳೆಯಷ್ಟು ಜಾರಿದರೆ ಸಾಕು, ‘ಅಯ್ಯೋ, ಕೈತಪ್ಪಿತು’ ಎಂದರೆ ಯಾವ ನ್ಯಾಯಾಲಯವೂ ಅವರನ್ನು ಶಿಕ್ಷಿಸುವಂತಿಲ್ಲ. ಅತ್ತೆ ಕನ್ನಡಕ ಏರಿಸಿಕೊಂಡರು. ಆ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ತುಸು ತೂಗಾಡಿತು, ಆಮೇಲೆ ಅದನ್ನು ದಾಟಿ, ಮೂಲೆಗೆ ಹೋಗಿ, ಉಗುರು ಬಿಳಿಚುವಷ್ಟು ಬಿಗಿಯಾಗಿ ಕೂತಿತು. ಅಮ್ಮ ಆಡಿದಳು. ದಾಖಲೆಯ ಅಂಕ ಮೂಡಿತು. ಅತ್ತೆ ಅದನ್ನು ಎರಡೆರಡು ಸಲ ಓದಿ, “ಇದೆ ಮಾರಾಯ್ರೆ. ನಂದಕ್ಕೆ ದುಪ್ಪಟ್ಟೇ ಇದೆ. ನಾನೇ ಸುಮ್ನೆ ಅನುಮಾನ ಪಟ್ಟೆ” ಎಂದರು.

ಅಮ್ಮ ಡಬ್ಬಿಯನ್ನು ಮಗುಚಿ, ಉಗುರಿನಿಂದ ಮುಚ್ಚಳ ಎಬ್ಬಿಸಿ, ಸೆಲ್ಲುಗಳನ್ನು ನನ್ನ ಅಂಗೈಗೆ ಉದುರಿಸಿದಳು. ನಾನು ಬೆಪ್ಪಾಗಿ, “ಅಮ್ಮಾ, ದಾಖಲೆ!” ಎಂದೆ.

“ನೋಡಬೇಕಾದೋರು ನೋಡಿದ್ರಲ್ಲೋ. ಇನ್ನ ರಿಪೇರಿ ಮಾಡಿಸ್ಕೊಂಡು ಬಾ.”

ಅತ್ತೆ ಸೋಲುವವರೇ? ಅವರೂ ತಮ್ಮ ಡಬ್ಬಿಯ ಸೆಲ್ ಕಿತ್ತು ಸೊನ್ನೆಗೆ ಬಂದರು. ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ಒದ್ದೆಯಾಯಿತು.

ಪಟ್ಟಿ ಕೂತಿದೆ, ಪರದೆ ಈಗ ಸ್ಫಟಿಕದಷ್ಟು ಸ್ಪಷ್ಟ. ಆದರೂ ಅತ್ತೆ ಬಂದಾಗಲೆಲ್ಲ ಅಮ್ಮನ ಭುಜಕ್ಕೆ ಭುಜ ತಾಗಿಸಿ ಕೂತು, ಅವಳು ಆಡುವಷ್ಟು ಹೊತ್ತೂ ಆ ಮೂಲೆಗೆ ಹೆಬ್ಬೆರಳು ಒತ್ತಿಯೇ ಇರುತ್ತಾರೆ. ಕೇಳಿದರೆ “ರೂಢಿ ಆಗಿಹೋಯ್ತು” ಎನ್ನುತ್ತಾರೆ. ಮುನಿಸಿಕೊಂಡ ಬೀಗರು ಪಂಕ್ತಿಗೆ ಬಂದು ಕೂತರು ಎಂದು ನಾನೂ ಸಮಾಧಾನದಿಂದಿರಬಹುದಿತ್ತು. ಆದರೆ ಅಳಿಯನ ಜಾತಿ, ನನ್ನ ಕಣ್ಣು ಇಂದಿಗೂ ಆ ಕೆಂಪು ಗುಂಡಿಯನ್ನೇ ಕಾಯುತ್ತದೆ. ಅಮ್ಮ ಅತ್ತ ನೋಡುವುದೇ ಇಲ್ಲ, ಅವಳ ಗಮನವೆಲ್ಲ ಇಟ್ಟಿಗೆಯ ಮೇಲೆ.