ಒರೆಸ್ಟಾಳನ್ನು ಎದುರಿನಿಂದ ಕಂಡ ದಿನ

ವಿಲೋಫರ್ಡ್ ಊರಿನ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಒರೆಸ್ಟಾ ಕೊಸ್ತ್ಯುಕ್‌ಗೆ ಐವತ್ತೇಳು ವರ್ಷ. ಮೂವತ್ತೊಂದು ವರ್ಷದ ಹಿಂದೆ ಒಂದು ಭಾನುವಾರ ಊರಿನ ಐಸ್ ಹಾಕಿ ತಂಡದ ಗೋಲ್‌ಕೀಪರ್ ಕೈಕೊಟ್ಟಾಗ, "ಯಾರಾದ್ರೂ ನಿಂತ್ಕೊಳ್ರಪ್ಪಾ" ಎಂದರೆಂದು ನಿಂತವಳು ಇನ್ನೂ ಸರಿದಿಲ್ಲ.

ಈಗಿನ ಗೋಲ್‌ಕೀಪರ್‌ಗಳು ರಬ್ಬರ್ ಬಿಲ್ಲೆ, ಅಂದರೆ ಪಕ್, ಬಂತೆಂದರೆ ಎರಡೂ ಮಂಡಿ ಊರಿ, ಕಾಲಿನ ಪ್ಯಾಡುಗಳನ್ನು ಆಚೀಚೆ ಚಾಚಿ, ಮಂಜುಗಡ್ಡೆಯ ಮೇಲೆ ಗೋಡೆಯನ್ನೇ ಎಬ್ಬಿಸುತ್ತಾರೆ. ಒರೆಸ್ಟಾಳ ಬಲಮಂಡಿ ಎರಡು ವರ್ಷದಿಂದ ಮಡಚುವುದಿಲ್ಲ. ನಿಂತೇ ಆಡುತ್ತಾಳೆ. ನಾಯಕ ಮೈರನ್‌ಗೆ ಇದೇ ತಲೆನೋವು. ಇಪ್ಪತ್ತೆರಡು ವರ್ಷ ಆಕೆಗೆ ಬೆನ್ನು ಹಾಕಿ ಕಾವಲು ಆಡಿದವನು ಅವನು. ಪಕ್ ಸದಾ ಆಕೆಯ ಎದೆಗೇ ಬಡಿಯುವ ಸದ್ದು ಕೇಳಿ ಕೇಳಿ, ಹೊಡೆಯುವವರು ದಡ್ಡರು ಎಂದು ತೀರ್ಮಾನಿಸಿಬಿಟ್ಟಿದ್ದ ಮಹಾಶಯ. ಒಮ್ಮೆ ಆಕೆ ಆಟದ ಅಂಗಳದಲ್ಲಿ ಗೋಲಿನ ಎರಡೂ ಕಂಬಗಳಿಂದ ಹಗ್ಗ ಎಳೆದು, ತುದಿಗಳನ್ನು ದೂರದ ಒಂದು ಪಕ್‌ಗೆ ಕಟ್ಟಿ, ಹಗ್ಗಗಳ ನಡುವೆ ಹಿಂದೆ ಮುಂದೆ ಸರಿಯುತ್ತಿದ್ದಳು. "ಒಣಹಾಕೋಕೆ ಬಟ್ಟೆ ಎಲ್ಲಿ?" ಎಂದು ಮೈರನ್ ನಕ್ಕಿದ್ದ.

ಈ ಚಳಿಗಾಲದ ಒಂದು ಭಾನುವಾರ ಅವನು ಆಕೆಯ ಜಾಗಕ್ಕೆ ಹೊಸ ಗೋಲ್‌ಕೀಪರನನ್ನು ಗೊತ್ತುಮಾಡಿಯೇ ಬಂದಿದ್ದ.

"ಆಟ ಮುಗಿದ್ಮೇಲೆ ನಿನ್ ಹತ್ರ ಒಂದು ಮಾತಿದೆ," ಎಂದ ಒರೆಸ್ಟಾಳಿಗೆ.

"ಈಗ್ಲೇ ಹೇಳೋ."

"ಆಮೇಲೆ."

ಹಿಮ ಸುರಿದು ದಾರಿ ಕಟ್ಟಿತ್ತು. ಎದುರಾಳಿಗಳಾದ ಪಕ್ಕದೂರಿನವರ ಒಂದು ಕಾರು ಬರಲೇ ಇಲ್ಲ, ಅವರಿಗೆ ಆಟಗಾರರು ಕಡಿಮೆ ಬಿದ್ದರು. ಇಂಥ ದಿನ ಎದುರಾಳಿಗೆ ನಮ್ಮವರನ್ನು ಸಾಲ ಕೊಡುವುದು ಇಲ್ಲಿಯ ಪದ್ಧತಿ. ನಾಯಕನೇ ಅವರ ಅಂಗಿ ತೊಟ್ಟ.

ಕೊನೆಯ ಐದು ನಿಮಿಷ, ಎರಡು-ಎರಡು ಗೋಲು. ಪಕ್ ಮೈರನ್‌ಗೆ ಸಿಕ್ಕಿತು. ಮುಂದೆ ಒರೆಸ್ಟಾ ಒಬ್ಬಳೇ. ಗೋಲಾದರೆ ಹೇಳಬೇಕಾದ ಮಾತು ಸುಲಭವಾಗುತ್ತದೆ ಎಂದುಕೊಂಡು ತಲೆಯೆತ್ತಿದ.

ಆಕೆ ಗೋಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದಳು. ಕೋಲಿನ ಅಲಗು ಮಂಜಿಗೆ ಅಂಟಿತ್ತು, ಕೈಗವಸು ತೆರೆದಿತ್ತು, ಎದೆ ನೇರ ಪಕ್‌ಗೆ ತಿರುಗಿತ್ತು. ಹಿಂದೆ ಬಲೆಯೇ ಕಾಣಲಿಲ್ಲ! ಎಡಕ್ಕೆ ಜಾರಿದ; ಆಕೆಯೂ ಅಷ್ಟೇ ಜಾರಿದಳು. ಹತ್ತಿರ ಬಂದ, ಅಷ್ಟೇ ವೇಗದಲ್ಲಿ ಹಿಂದೆ ಸರಿದಳು. ಆ ಹಗ್ಗಗಳು! ತನ್ನ ಕೋಲಿನ ತುದಿಯಿಂದಲೇ ಅವು ಎರಡೂ ಕಂಬಗಳಿಗೆ ಹೊರಟಂತಿವೆ, ನಟ್ಟ ನಡುವೆ ಆಕೆ ನಿಂತಿದ್ದಾಳೆ. ಇಷ್ಟು ವರ್ಷ ತನ್ನ ಬೆನ್ನ ಹಿಂದೆ ಇದು ನಡೆಯುತ್ತಿತ್ತೇ? ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದ. ಪಕ್ ಎದೆಗೆ ದಢಾರನೆ ಬಡಿಯಿತು. ಆಕೆ ಅದನ್ನು ತೋಳಲ್ಲಿ ಅವುಚಿಕೊಂಡಳು.

"ಗೋಲ್ ಹೊಡಿಯೋಕೆ ಬಂದ್ಯೋ, ಪಕ್ ವಾಪಸ್ ಕೊಡೋಕೆ ಬಂದ್ಯೋ?"

ಆಟ ಸಮವಾಗಿ ಮುಗಿಯಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಒರೆಸ್ಟಾ ಕಾಲು ಚಾಚಿ ಕೂತು ಕೇಳಿದಳು, "ಹೂಂ, ಅದೇನು ಮಾತು?"

ಉಳಿದವರೆಲ್ಲ ನೆಲ ನೋಡಿದರು.

"ಮುಂದಿನ್ ವಾರ ಆ ಹಗ್ಗ ತಗೊಂಡ್ ಬಾ," ಎಂದ ಮೈರನ್. "ನಮಗೆಲ್ಲ ಕಲಿಸ್ಬೇಕು ನೀನು. ನಿನ್ ಜಾಗದಲ್ಲಿ ನೀನೇ ನಿಂತ್ಕೊಂಡು."

"ಹಗ್ಗ ಚೀಲದಲ್ಲೇ ಇದೆ," ಎಂದಳು. "ಆ ಹೊಸಬನಿಗೆ ಕೊಟ್ಟು ಹೋಗೋಣ ಅಂತ ಇವತ್ತು ತಂದಿದ್ದೆ."

ಮೈರನ್ ಆಕೆಯ ಮುಂದೆ ಎರಡೂ ಮಂಡಿಯೂರಿ ಕೂತು, ಬಲಗಾಲಿನ ಪ್ಯಾಡಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.