ಬಣ್ಣ ತಿರುಗದ ಲಡಿ

ನಮ್ಮ ಕೆಮಿಸ್ಟ್ರಿ ಸರ್ ಅವರ ಉಗುರಿನ ಸುತ್ತ ಸದಾ ನೀಲಿ ಬಣ್ಣ ಅಂಟಿರುತ್ತಿತ್ತು. ಅಂಗಿ ಮಾತ್ರ ಇಸ್ತ್ರಿ ಮುರಿಯದ ಅಚ್ಚ ಬಿಳಿ. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ ಹುಟ್ಟಿ, ಜಮಖಂಡಿಯ ಕಾಲೇಜಿನಲ್ಲಿ ಪ್ರೊಫೆಸರ್ ಆದವರು. ರಜೆಯ ದಿನ ಅಣ್ಣನ ಜೊತೆ ಬಣ್ಣದ ತೊಟ್ಟಿಗೆ ಕೈ ಹಾಕದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ.

ಪ್ರಾಕ್ಟಿಕಲ್‌ನಲ್ಲಿ ಪಕ್ಕದವನ ರೀಡಿಂಗ್ ಕದ್ದು ಬರೆದರೆ ಕೂಡಲೇ ಹಿಡಿಯುತ್ತಿದ್ದರು. "ಬಂದದ್ದ ಬರೀಲೇ. ತಪ್ಪ ಬಂದ್ರ ತಪ್ಪ ಬರಿ, ಮಾರ್ಕ್ಸ್ ನಾ ಕೊಡ್ತೇನಿ," ಎನ್ನುತ್ತಿದ್ದರು. ಕೊಡುತ್ತಲೂ ಇದ್ದರು. ಬ್ಯುರೆಟ್ ಹಿಡಿದ ನನ್ನ ಕೈ ನಡುಗುವುದನ್ನು ನೋಡಿ ಒಮ್ಮೆ, "ನಿನ್ನ ಕೈ ಕೆಲಸಕ್ಕ ಬರೂದಿಲ್ಲ, ಕಣ್ಣ ಛಲೋ ಅದಾವ," ಎಂದು ನಕ್ಕು ತಮ್ಮ ಕ್ಯಾಮೆರಾ ಕೊಟ್ಟರು. ದ್ರಾವಣದ ಬಣ್ಣ ಬದಲಾಗುವ ಗಳಿಗೆಯನ್ನು ಹಿಡಿ ಎಂದರು. ಇವತ್ತು ವಿಜ್ಞಾನದ ಚಿತ್ರ ಮಾಡಿ ನಾನು ಅನ್ನ ಉಣ್ಣುತ್ತಿರುವುದು ಆ ಕ್ಯಾಮೆರಾದಿಂದ.

ಅವರು ನಿವೃತ್ತರಾದ ಮೇಲೆ ಅವರ ಕುರಿತೇ ಚಿತ್ರ ಮಾಡಲು ಇಬ್ಬರು ಸಹಾಯಕರ ಜೊತೆ ಬನಹಟ್ಟಿಗೆ ಹೋದೆ. ತೊಟ್ಟಿಯಿಂದ ಎತ್ತಿದ ಹಸಿರು ನೂಲಿನ ಲಡಿ ಗಾಳಿ ತಾಗಿದೊಡನೆ ನೀಲಿಯಾಗುವುದು ಅವರ ಮೆಚ್ಚಿನ ಪಾಠ. "ಸರ್, ಲಗೂ ಆಗಬೇಕ್ರಿ. ನೋಡೂ ಮಂದಿ ಕಾಯೂದಿಲ್ಲ," ಎಂದೆ. ಗುರುವಿಗೆ ಹೇಳುವ ಮಾತೇ ಅದು? ಗಾಬರಿಯಲ್ಲಿ ಅವರು ತೊಟ್ಟಿಗೆ ಬಣ್ಣ ಕರಗಿಸುವ ಹೈಡ್ರೋಸ್ ಪುಡಿ ಹೆಚ್ಚು ಸುರಿದುಬಿಟ್ಟರು. ಪುಡಿ ಹೆಚ್ಚಾಗಿ, ಎಷ್ಟು ಹೊತ್ತು ಗಾಳಿಗೆ ಹಿಡಿದರೂ ಲಡಿ ಹಸಿರಾಗಿಯೇ ಉಳಿಯಿತು.

"ಚಹಾ ಕುಡದ ಬರ್ರಿ," ಎಂದು ನಮ್ಮನ್ನು ಹೊರಗೆ ಕಳಿಸಿದರು. ಮರಳಿ ಬಂದಾಗ ಅವರ ಕೈಯಲ್ಲಿ ಚೆಂದದ ನೀಲಿ ಲಡಿ. ಆಗಷ್ಟೇ ತೊಟ್ಟಿಯಿಂದ ಎತ್ತಿದಂತೆ ಅದನ್ನು ಕ್ಯಾಮೆರಾದ ಮುಂದೆ ಹಿಡಿದರು. ಹಿಂದಿನ ದಿನ ಅವರ ಅಣ್ಣ ಬಣ್ಣ ಹಾಕಿ ಒಣಗಿಸಿದ್ದು ಅದು. ಒಂದು ಹನಿ ನೀರೂ ಇಳಿಯಲಿಲ್ಲ. ನನಗೆ ಗೊತ್ತಾಯಿತು. ಶಾಟ್ ಛಲೋ ಬಂತ್ರಿ ಎಂದೆ. ಅವರು ನನ್ನ ಮುಖ ನೋಡಲಿಲ್ಲ.

ಮರುದಿನ ಮುಂಜಾನೆ ಹೆಂಡತಿಯನ್ನು ಕರೆದುಕೊಂಡು ನಾನಿದ್ದ ಲಾಡ್ಜಿಗೇ ಬಂದರು. ಕ್ಯಾಮೆರಾ ಹಚ್ಚು ಎಂದರು. ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು: "ನಿನ್ನೆ ನಾ ತೋರ್ಸಿದ್ದು ಖೊಟ್ಟಿ. ಹೈಡ್ರೋಸ್ ಜಾಸ್ತಿ ಬಿತ್ತು, ಬಣ್ಣ ತಿರುಗಲಿಲ್ಲ. ನಾಚಿಕಿ ಆತು, ಬ್ಯಾರೆ ಲಡಿ ತೋರ್ಸಿದೆ. ಹುಡುಗೂರು ಇದನ್ನೂ ನೋಡ್ಲಿ."

ನಾನು ತೆಗೆದವುಗಳಲ್ಲಿ ಅದಕ್ಕಿಂತ ಒಳ್ಳೆಯ ಶಾಟ್ ಇಲ್ಲ. ಚಿತ್ರ ಮಾಡಿಸುತ್ತಿದ್ದವರು ಮಾತ್ರ, "ಪ್ರೊಫೆಸರ್ ತಪ್ಪು ಮಾಡಿದ್ದು ಯಾರಿಗೆ ಬೇಕು?" ಎಂದರು. ನಾನು ಆ ಶಾಟ್ ಕತ್ತರಿಸಿದೆ. ನೀಲಿ ಲಡಿಯನ್ನು ಉಳಿಸಿಕೊಂಡೆ.

ಚಿತ್ರ ಮುಗಿಯುವ ಹೊತ್ತಿಗೆ ಸರ್ ತೀರಿಕೊಂಡರು. ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ಆ ಚಿತ್ರವನ್ನೇ ಹಾಕಿದರು. ನೀಲಿ ಲಡಿ ಕಂಡೊಡನೆ ಹುಡುಗರು ಚಪ್ಪಾಳೆ ಹೊಡೆದರು. ಎದ್ದು ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸುವಷ್ಟು ನಾಚಿಕೆ ನನಗೆ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಕೊನೆಯವರೆಗೂ ಕಾದರು.

"ತಮ್ಮಾ, ಅವರು ಆಮ್ಯಾಲೆ ಬಂದು ಮಾತಾಡಿದ್ದು ಬರಲಿಲ್ಲಲ್ಲ?"

"ಆವಾಜ್ ಸರಿ ಬಂದಿರಲಿಲ್ರಿ, ಅಮ್ಮಾವ್ರ," ಎಂದೆ.

"ಹಂಗಾರ ಅವರದ ತಪ್ಪಿರಬೇಕು," ಎಂದರು ಅವರು. "ಮನಿಯಾಗ ನನ್ನ ಮುಂದ ಹೇಳಿ ಹೇಳಿ ರೂಢಿ ಮಾಡ್ಕೊಂಡ ಬಂದಿದ್ರು. ಆದ್ರೂ ದನಿ ಏಳಲಿಲ್ಲೇನೋ ಪಾಪ."