ಅಳಿಯಂದಿರು ಕೂರಿಸಿದ ಕೀಲು

ಅಳಿಯನಾದವನು ಮಾವನ ಮನೆಯಲ್ಲಿ ಏನು ಮಾಡಿದರೂ ಸರಿ ಎಂಬ ಶಾಸನ ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ನಮ್ಮ ಅಮ್ಮನ ಬೀರುವಿನ ಮೇಲೆ ಮಾತ್ರ ಕೆತ್ತಿದೆ. ಇಷ್ಟು ವರ್ಷವಾದರೂ ಅದನ್ನು ನೋಡಿದರೆ ನನ್ನ ಮೈ ಉರಿಯುತ್ತದೆ.

ತೇಗದ ಬೀರು. ಅಮ್ಮನಿಗೆ ಅವಳ ತಾಯಿಯಿಂದ ಬಂದದ್ದು. ಮೈಸೂರಿನಿಂದ ಗೂಡ್ಸಿನಲ್ಲಿ ಹೊರಟು, ಚೆಂಬೂರಿನ ನಮ್ಮ ಬಿಲ್ಡಿಂಗಿನ ಮೆಟ್ಟಿಲಗೋಡೆಯ ಸುಣ್ಣ ಕೆರೆದುಕೊಂಡು ಒಳಗೆ ಬಂದಿತ್ತು. ಎಂಬತ್ತರ ದಶಕದ ನಡುವೆ ಅದರ ಎಡಬಾಗಿಲು ಜೋತುಬಿತ್ತು. ಹಿತ್ತಾಳೆಯ ಕೀಲಿನೊಳಗಿನ ಕಡ್ಡಿ ಸವೆದಿತ್ತು, ಅಷ್ಟೇ ರೋಗ. ಗ್ರಾಂಟ್ ರೋಡಿನಲ್ಲಿ ಹಳೇ ಹಿತ್ತಾಳೆ ಸಾಮಾನು ರಿಪೇರಿ ಮಾಡುವವನನ್ನು ವಿಚಾರಿಸಿ ಬಂದಿದ್ದೆ. ಕೀಲು ಬಿಚ್ಚಿ ತಂದರೆ ಹೊಸ ಕಡ್ಡಿ ಕೂರಿಸಿ ಕೊಡುತ್ತಾನೆ, ಮರಕ್ಕೆ ಒಂದು ಗೀರೂ ಬೀಳುವುದಿಲ್ಲ.

ಅಷ್ಟರಲ್ಲಿ ಭಾನುವಾರ ಬಂತು, ಅದರ ಜೊತೆ ಭಾವನೂ ಬಂದರು. ಅಕ್ಕನ ಗಂಡ. ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಆದ್ದರಿಂದ ಜಗತ್ತಿನ ಸಕಲ ಚರಾಚರ ವಸ್ತುಗಳ ಮೇಲೂ ಅಧಿಕಾರ ಉಳ್ಳವರು. ಉಕ್ಕಿನ ಕೀಲುಗಳನ್ನೂ ಬೆರಳುದ್ದದ ಸ್ಕ್ರೂಗಳನ್ನೂ ಬ್ಯಾಗಿನಿಂದ ತೆಗೆದು, ಹೋಮಕ್ಕೆ ಕೂತ ಪುರೋಹಿತರ ಹಾಗೆ ಚಾಪೆಯ ಮೇಲೆ ಜೋಡಿಸಿಕೊಂಡರು. ಹಿತ್ತಾಳೆಯದನ್ನೇ ಉಳಿಸಬಹುದು ಎಂದು ನಾನು ಮೆಲ್ಲಗೆ ಅಂದೆ. ಅದನ್ನು ಮ್ಯೂಸಿಯಮ್ಮಿಗೆ ಕೊಡು ಅಂದರು. ಅಮ್ಮ ನನ್ನತ್ತ ನೋಡಿದ ನೋಟದಲ್ಲಿ ಬಾಯಿ ಮುಚ್ಚು ಎಂಬುದು ಅಚ್ಚಗನ್ನಡದಲ್ಲಿತ್ತು.

ಉಳಿ ಹಾಕಿ ಹಳೇ ಕೀಲನ್ನು ಮೀಟಿದರು, ಬಾಗಿಹೋಯಿತು. ತೂತು ಕೊರೆಯದೆ ಹೊಸದಕ್ಕೆ ಸ್ಕ್ರೂ ತಿರುಗಿಸಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ತಿರುಚುತ್ತಾ ನಿಂತಿದ್ದಳು. ಅಮ್ಮ ಬೆಳ್ಳಿಲೋಟದಲ್ಲಿ ಮತ್ತೆ ಕಾಫಿ ತಂದಳು. ಚಟ್ ಎಂದಿತು. ಅಂಚಿನಿಂದ ಬಾಗಿಲ ನಡುವಿನವರೆಗೆ ಸೀಳು.

"ಹಳೇ ಮರ. ಸತ್ವ ಇಲ್ಲ" ಎಂದು ಭಾವ ತೀರ್ಪು ಕೊಟ್ಟರು.

ನಾನು ಅವರ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡೆ. "ಕಾರ್ಖಾನೆಯಲ್ಲೂ ಹೀಗೇ ಮಾಡ್ತೀರಾ ಭಾವ?"

ಕಾಫಿ ಅರ್ಧಕ್ಕೆ ಬಿಟ್ಟು ಚಪ್ಪಲಿ ಮೆಟ್ಟಿದರು. ಅಕ್ಕ ಹಿಂದೆಯೇ ಓಡಿದಳು. ಆಮೇಲೆ ಅವಳು ಬರುವುದೇ ನಿಂತಿತು. ಪಕ್ಕದ ಮನೆಯ ಫೋನಿಗೂ ಕರೆ ಇಲ್ಲ. ಅಮ್ಮ ಸೀಳಿದ ಬಾಗಿಲಿಗೆ ದಾರ ಕಟ್ಟಿ, ಬೀರು ಒಡೆದವನು ನಾನೇ ಎಂಬಂತೆ, ನನಗೆ ತಟ್ಟೆ ಕುಕ್ಕಿ ಬಡಿಸುತ್ತಿದ್ದಳು.

ಕೊನೆಗೊಂದು ದಿನ ಅಂದಳು: "ಜೋಗೇಶ್ವರಿಗೆ ಹೋಗಿ ಬಾ. ಬಲಗಡೆ ಬಾಗಿಲೂ ಜೋತುಬಿದ್ದಿದೆ, ನೀವೇ ಬಂದು ಸರಿ ಮಾಡ್ಬೇಕು ಅನ್ನು."

ಬಲಬಾಗಿಲಿಗೆ ಏನೂ ಆಗಿರಲಿಲ್ಲ. ಹಾಗೆಂದೆ.

"ನಂಗೊತ್ತು ಕಣೋ. ಬಾಗಿಲು ಹೋದ್ರೆ ಹೋಗ್ಲಿ. ಅವಳು ಅಲ್ಲಿ ದಿನಾ ಬಾಳ್ವೆ ಮಾಡ್ಬೇಕು."

ಕುರ್ಲಾ, ದಾದರ್ ಎರಡೂ ಕಡೆ ಲೋಕಲ್ ಬದಲಿಸಿ, ಹಲ್ಲು ಕಚ್ಚಿಕೊಂಡು ಹೋಗಿ ಕರೆದೆ. ಭಾವ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು. ಮುಂದಿನ ಭಾನುವಾರ ಅಕ್ಕನೂ ಬಂದಳು. ಅಮ್ಮ ಅವಳಿಗೆ ತಲೆ ಬಾಚುತ್ತಾ ಕೂತಳು, ಬೀರುವಿನ ಕಡೆ ಬೆನ್ನು ಮಾಡಿ. ಗಟ್ಟಿಮುಟ್ಟಾಗಿದ್ದ ಬಾಗಿಲಿಗೆ ಭಾವ ಉಳಿ ಹಾಕುವಾಗ ಅದು ಅಲುಗದಂತೆ ಒತ್ತಿ ಹಿಡಿದುಕೊಂಡವನು ನಾನು.

"ಸರಿಯಾಗಿ ಹಿಡ್ಕೋ. ಹಳೇ ಮರ ಇದು." ಅಂದರು ಭಾವ.